ಒಣಮೀನು ಇಡಬಾರದ ಡಿಕ್ಕಿ: ಹಳೇ 320ಡಿ ಜಿಟಿ ಜೊತೆ ಹದಿನಾರು ತಿಂಗಳು

ಮಲ್ಪೆ ದಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಹತ್ತಿರ ನನ್ನದೊಂದು ಅಂಗಡಿ ಇದೆ. ಬೋಟ್ ಎಂಜಿನ್‌ಗಳ ಸ್ಪೇರ್ ಪಾರ್ಟ್ಸ್ ಮಾರುತ್ತೇನೆ. ಇಂಜೆಕ್ಟರ್, ಗ್ಯಾಸ್ಕೆಟ್, ನೀರಿನ ಪಂಪಿನ ಇಂಪೆಲ್ಲರ್, ಬೆಲ್ಟು, ಗ್ರೀಸು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಇಂಥ ಅಂಗಡಿಯ ಎದುರು ಒಂದು ಬಿಎಂಡಬ್ಲ್ಯು ನಿಂತರೆ ಜನ ಕೇಳದೆ ಇರುತ್ತಾರಾ? "ಯಾರದ್ದು ಮಾರಾಯ್ರೆ?" ನನ್ನದು ಅಂದರೆ ಮೊದಲು ನಗುತ್ತಾರೆ. ಆಮೇಲೆ ಎಷ್ಟಕ್ಕೆ ಬಂತು ಅಂತ ಕೇಳುತ್ತಾರೆ. ಮೂರನೇ ಪ್ರಶ್ನೆ ಯಾವಾಗಲೂ ಒಂದೇ: "ಮೈಂಟೆನೆನ್ಸ್ ಹೇಗೆ?" ದಿನಾ ಉತ್ತರ ಹೇಳಿ ಸಾಕಾಗಿದೆ. ಒಮ್ಮೆ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಗಾಡಿ 2017ರ ಬಿಎಂಡಬ್ಲ್ಯು 320ಡಿ ಗ್ರಾನ್ ಟುರಿಸ್ಮೊ, ಚಿಕ್ಕದಾಗಿ ಜಿಟಿ, ಲಕ್ಷುರಿ ಲೈನ್. 2024ರ ಜುಲೈಯಲ್ಲಿ ಮಂಗಳೂರಿನಿಂದ ತಂದೆ. ಆಗ ಮೀಟರಿನಲ್ಲಿ 58,400 ಕಿಲೋಮೀಟರ್ ಇತ್ತು, ಈಗ 74,900. ಕೊಟ್ಟದ್ದು 20.75 ಲಕ್ಷ. ಇದೇ ಗಾಡಿ ಹೊಸದಿದ್ದಾಗ ಶೋರೂಂ ಬೆಲೆ 45 ಲಕ್ಷದ ಆಚೀಚೆ ಇತ್ತು. ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿತು ಅಂತ ನಾನೂ ಮೊದಲ ವಾರ ಬೀಗಿದೆ. ಅದರ ಕಥೆ ಮುಂದೆ ಬರುತ್ತದೆ.

ಶೋಕಿಗೆ ತೆಗೆದುಕೊಂಡದ್ದಲ್ಲ ಅಂದರೆ ಯಾರೂ ನಂಬುವುದಿಲ್ಲ. ಕಾರಣ ಅಮ್ಮನ ಮೊಣಕಾಲು. ಮಗಳು ಬೆಂಗಳೂರಿನಲ್ಲಿದ್ದಾಳೆ. ಅವಳಿಗೆ ಮಗು ಆದ ಮೇಲೆ ಅಮ್ಮನಿಗೆ ಎರಡು ತಿಂಗಳಿಗೊಮ್ಮೆ ಅಲ್ಲಿಗೆ ಹೋಗಲೇಬೇಕು. ವಯಸ್ಸು 79. ಸ್ಲೀಪರ್ ಬಸ್ಸಿನ ಕೆಳಗಿನ ಸೀಟಿಗೂ ಹತ್ತಲು ಆಗುವುದಿಲ್ಲ. ಹಳೇ ಸ್ವಿಫ್ಟ್‌ನಲ್ಲಿ ಹೋದರೆ ಹಾಸನ ತಲುಪುವಾಗ ಕಾಲು ಮರಗಟ್ಟುತ್ತಿತ್ತು. "ಇಳಿಸು, ಸ್ವಲ್ಪ ನಡೀತೇನೆ" ಅನ್ನುತ್ತಿದ್ದರು. ನಡೆಯಲಿಕ್ಕೂ ಆಗುತ್ತಿರಲಿಲ್ಲ.

ಹಾಗಾಗಿ ಗಾಡಿ ನೋಡಲು ಹೋದಾಗಲೆಲ್ಲ ಅಮ್ಮನನ್ನೂ ಕರೆದುಕೊಂಡು ಹೋದೆ. ಮಂಗಳೂರಿನಲ್ಲಿ ಮೂರು ಕಡೆ, ಉಡುಪಿಯಲ್ಲಿ ಒಂದು ಕಡೆ. ಅವರ ಪರೀಕ್ಷೆ ಬಹಳ ಸರಳ. ಬಾಗಿಲು ತೆರೆಯಬೇಕು, ಬೆನ್ನು ತಿರುಗಿಸಿ ಸೀಟಿನ ಅಂಚಿಗೆ ಕೂರಬೇಕು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ಎಳೆದುಕೊಳ್ಳಬೇಕು. ಯಾರೂ ಕೈ ಹಿಡಿಯಬಾರದು. ಒಂದು ದೊಡ್ಡ ಸೆಡಾನ್‌ನಲ್ಲಿ ಕೂತವರು "ಬಾವಿಗಿಳಿದ ಹಾಗಾಯ್ತು" ಅಂದರು. ಒಂದು ಎಸ್‌ಯುವಿಗೆ ಹತ್ತಲು ಹೋಗಿ, ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೇಬಿಟ್ಟರು. "ಬೋಟು ಹತ್ತುವುದು ಇದಕ್ಕಿಂತ ಸುಲಭ." ಐದನೇ ಗಾಡಿ ಈ ಜಿಟಿ. ಕೂತರು, ಕಾಲು ಎಳೆದುಕೊಂಡರು, ಬಾಗಿಲು ತಾವೇ ಹಾಕಿಕೊಂಡರು. ಒಳಗಿನಿಂದ ಕೈ ಆಡಿಸಿದರು. ಡೀಲರ್‌ಗೆ ಅಲ್ಲೇ ಅರ್ಧ ವ್ಯಾಪಾರ ಆಯಿತು.

ಯಾಕೆ ಅಂತ ಮನೆಗೆ ಬಂದು ಅಳತೆಗಳನ್ನು ನೋಡಿದೆ. ಸಾಮಾನ್ಯ 3 ಸೀರೀಸ್ ಸೆಡಾನ್‌ಗಿಂತ ಜಿಟಿಯಲ್ಲಿ ಸೀಟು 59 ಮಿಲಿಮೀಟರ್ ಎತ್ತರದಲ್ಲಿದೆ. ಎರಡು ಇಂಚಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಮೊಣಕಾಲಿಗೆ ಆ ಎರಡು ಇಂಚೇ ಬೇಕಾಗಿದ್ದದ್ದು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಸೆಡಾನ್‌ನಲ್ಲಿ 2810 ಮಿಲಿಮೀಟರ್, ಇದರಲ್ಲಿ 2920. ಆ ಹೆಚ್ಚಿನ ಜಾಗದಲ್ಲಿ ಬಹುಪಾಲು ಹಿಂದಿನ ಸೀಟಿನವರ ಕಾಲಿಗೆ ಸಿಕ್ಕಿದೆ.

ಗ್ರಾನ್ ಟುರಿಸ್ಮೊ ಅನ್ನುವುದು ಇಟಾಲಿಯನ್ ಮಾತು, ದೊಡ್ಡ ಪ್ರವಾಸ ಅಂತ ಅರ್ಥ. ಹಳೇ ಕಾಲದ ಜಿಟಿ ಅಂದರೆ ಎರಡು ಬಾಗಿಲು, ಉದ್ದ ಬಾನೆಟ್, ಮುಂದೆ ದೊಡ್ಡ ಎಂಜಿನ್. ಇಬ್ಬರು ಸಾಮಾನು ತುಂಬಿಕೊಂಡು ಒಂದೇ ದಿನ ಒಂದು ದೇಶದಿಂದ ಇನ್ನೊಂದಕ್ಕೆ ದಣಿವಿಲ್ಲದೆ ಹೋಗಲಿಕ್ಕೆ ಮಾಡಿದ್ದು. ಬಿಎಂಡಬ್ಲ್ಯುನವರು ಆ ಹೆಸರನ್ನು ಎಳೆದು ತಂದು ನಾಲ್ಕು ಬಾಗಿಲಿನ, ಡಿಕ್ಕಿ ಗಾಜಿನ ಸಮೇತ ಮೇಲೇಳುವ ಗಾಡಿಗೆ ಇಟ್ಟಿದ್ದಾರೆ. ಶುದ್ಧ ಅಭಿಮಾನಿಗಳು ಇದನ್ನು ಜಿಟಿ ಅಂತ ಒಪ್ಪುವುದಿಲ್ಲ. ನೋಡಲಿಕ್ಕೆ ಹಿಂಭಾಗ ಸ್ವಲ್ಪ ಊದಿಕೊಂಡ ಹಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ದೂರ ಹೋಗುವ ಕೆಲಸಕ್ಕೆ ಹೆಸರು ಸರಿಯಾಗೇ ಇದೆ.

ಈಗ ಎಂಜಿನ್. ಇದು ನನ್ನ ವಿಷಯ, ಸ್ವಲ್ಪ ಹೊತ್ತು ಹಿಡಿಯುತ್ತದೆ.

ಈ ಮಾಡೆಲ್ ಭಾರತಕ್ಕೆ ಬಂದದ್ದು 2014ರಲ್ಲಿ. ಆಗ 320ಡಿಯಲ್ಲಿ ಇದ್ದದ್ದು ಎನ್47 ಎಂಬ ಎರಡು ಲೀಟರ್ ಡೀಸೆಲ್ ಎಂಜಿನ್, 184 ಕುದುರೆ ಶಕ್ತಿ. 2016ರ ಕೊನೆಯಲ್ಲಿ ಮುಖ ಸ್ವಲ್ಪ ಬದಲಾಗಿ ಬಂತು. ಅದರಲ್ಲಿ ಬಿ47 ಎಂಬ ಹೊಸ ಎಂಜಿನ್, 190 ಕುದುರೆ ಶಕ್ತಿ, 400 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಎರಡರಲ್ಲೂ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಇರುವುದು ಎಂಜಿನ್‌ನ ಹಿಂದುಗಡೆ, ಗೇರ್‌ಬಾಕ್ಸ್ ಕಡೆಗೆ. ಅದನ್ನು ಬದಲಿಸಬೇಕಾದರೆ ಗೇರ್‌ಬಾಕ್ಸ್ ಅಥವಾ ಎಂಜಿನ್ ಕೆಳಗಿಳಿಸಬೇಕು. ಎನ್47ರ ಚೈನ್ ಸಡಿಲವಾಗುವ ದೂರು ಲೋಕಕ್ಕೇ ಗೊತ್ತಿದೆ. ಬೋಟಿನಲ್ಲಿ ಒಂದು ಪಾರ್ಟ್ ಕೈಗೆ ಸಿಗದ ಜಾಗದಲ್ಲಿದ್ದರೆ ಅದರ ಖರ್ಚು ಪಾರ್ಟಿನದ್ದಲ್ಲ, ಬಿಚ್ಚುವ ಕೂಲಿಯದ್ದು. ಕಾರಿಗೂ ಅದೇ ಲೆಕ್ಕ. ಹಾಗಾಗಿ 2014, 2015ರ ಗಾಡಿಗಳು 13, 14 ಲಕ್ಷಕ್ಕೆ ಕಣ್ಣೆದುರು ಇದ್ದರೂ ಕೈ ಹಾಕಲಿಲ್ಲ. ಬಿ47 ಸಿಕ್ಕಿದರೆ ಮಾತ್ರ ಅಂತ ಹಠ ಹಿಡಿದೆ.

ದೆಹಲಿ ಗಾಡಿ ತರಿಸಿ ಅಂತ ಹೇಳಿದವರೂ ಇದ್ದರು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಅನ್ನುವ ನಿಯಮ ಆಗ ಇದ್ದದ್ದರಿಂದ ಅಲ್ಲಿ ಹಳೇ ಡೀಸೆಲ್‌ಗೆ ಬೆಲೆ ಬಿದ್ದಿತ್ತು. ಅಗ್ಗ ಹೌದು. ಆದರೆ ಇಲ್ಲಿಗೆ ತಂದ ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಕಾರಿಗೆ ಅದು ನೂರಕ್ಕೆ 18. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೂ ಲೆಕ್ಕ ಶುರುವಾಗುವುದು ಹೊಸದರ ಬೆಲೆಯಿಂದ. ಅದರ ಮೇಲೆ ಅಲ್ಲಿನ ಆರ್‌ಟಿಒ ಒಪ್ಪಿಗೆ ಪತ್ರ (ಎನ್‌ಒಸಿ), ಅಲೆದಾಟ. ಸುಮ್ನೆ ತಲೆಬಿಸಿ. ಮಂಗಳೂರಿನ ಕೆಎ-19 ನಂಬರಿನದ್ದೇ ಹುಡುಕಿದೆ.

ಸಿಕ್ಕಿದ್ದು ಮಂಗಳೂರಿನ ಒಬ್ಬರು ಡಾಕ್ಟರ್ ಇಟ್ಟುಕೊಂಡಿದ್ದ ಗಾಡಿ. ಒಬ್ಬರೇ ಓನರ್. ಮಾರಲು ಬಿಟ್ಟದ್ದು ಒಬ್ಬ ಡೀಲರ್ ಬಳಿ. ಅವರು ಕೇಳಿದ್ದು 22.5 ಲಕ್ಷ.

ನೋಡಲು ಹೋಗುವಾಗ ನಾನು ತೆಗೆದುಕೊಂಡು ಹೋದದ್ದು ಒಂದು ಟಾರ್ಚು, ಒಂದು ಹಳೇ ಬನಿಯನ್ ಬಟ್ಟೆ, ಗೆಳೆಯನಿಂದ ಕೇಳಿ ತಂದ, ಪೇಂಟಿನ ದಪ್ಪ ಅಳೆಯುವ ಪೇಂಟ್ ಮೀಟರ್ ಮತ್ತು ಒಂದು ಪ್ಲಾಸ್ಟಿಕ್ ಮಗ್. ಮಗ್ ಯಾಕೆ ಅಂದರೆ, ಈ ಗಾಡಿಗೆ ಮೇಲೆ ದೊಡ್ಡ ಗಾಜಿನ ಸನ್‌ರೂಫ್ ಇದೆ. ಅದರ ಸುತ್ತ ಒಂದು ಕಾಲುವೆ, ಅದರಿಂದ ನೀರು ಕೆಳಗಿಳಿಯಲು ಸಣ್ಣ ಪೈಪುಗಳು. ಎಲೆ, ಕಸ ಕೂತು ಆ ಪೈಪು ಕಟ್ಟಿಕೊಂಡರೆ ಮಳೆನೀರು ಗಾಡಿಯೊಳಗೆ ಇಳಿದು ಕಾರ್ಪೆಟ್ ಅಡಿ ನಿಲ್ಲುತ್ತದೆ. ನಮ್ಮಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಮಳೆ ಸುರಿಯುತ್ತದೆ, ಅಲ್ವಾ? ಸನ್‌ರೂಫ್ ತೆರೆದು ಕಾಲುವೆಗೆ ಅರ್ಧ ಮಗ್ ನೀರು ಮೆಲ್ಲ ಬಿಟ್ಟೆ. ಡೀಲರ್ ಹುಡುಗ "ಸಾರ್, ಸಾರ್" ಅಂತ ಓಡಿ ಬಂದ. ನಾನು ಕೆಳಗೆ ಬಗ್ಗಿ ನೋಡುತ್ತಿದ್ದೆ. ಎಡಗಡೆ ಕೂಡಲೇ ನೀರು ಹನಿಯಿತು. ಬಲಗಡೆ ಬರಲೇ ಇಲ್ಲ. ನೈಲಾನ್ ದಾರ ಹಾಕಿ ತೆಗೆದಾಗ ಒಳಗಿನಿಂದ ಬಂದದ್ದು ಗುಲ್‌ಮೊಹರ್ ಎಲೆಯ ಪುಡಿ. ಡಾಕ್ಟರು ಗಾಡಿಯನ್ನು ಮರದಡಿ ನಿಲ್ಲಿಸುತ್ತಿದ್ದರು ಅಂತ ಆಗ ಗೊತ್ತಾಯಿತು. ಕಾರ್ಪೆಟ್ ಒತ್ತಿ ನೋಡಿದೆ, ಒಣಗಿತ್ತು. ಬದುಕಿದೆ.

ಸೀಟ್ ಬೆಲ್ಟ್‌ಗಳನ್ನು ಕೊನೆಯ ತನಕ ಎಳೆದು ನೋಡಿದೆ. ನೆರೆನೀರಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಬೆಲ್ಟಿನ ಒಳಸುತ್ತಿನಲ್ಲಿ ಕೆಸರಿನ ಗೆರೆ ಉಳಿಯುತ್ತದೆ. 2020ರ ಸೆಪ್ಟೆಂಬರ್ ನೆರೆಯಲ್ಲಿ ಉಡುಪಿಯಲ್ಲಿ ಎಷ್ಟು ಗಾಡಿ ಮುಳುಗಿದವು ಅಂತ ನೋಡಿದವನು ನಾನು. ಅವೆಲ್ಲ ಎಲ್ಲಿ ಹೋದವು? ಯಾರೋ ಓಡಿಸುತ್ತಿದ್ದಾರೆ.

ಪೇಂಟ್ ಮೀಟರ್ ಎಲ್ಲ ಕಡೆ 110ರಿಂದ 140 ಮೈಕ್ರಾನ್ ತೋರಿಸಿತು. ಎಡ ಹಿಂದಿನ ಬಾಗಿಲಲ್ಲಿ ಮಾತ್ರ 320. ಮತ್ತೆ ಪೇಂಟ್ ಆಗಿದೆ. ಕೇಳಿದರೆ ಡೀಲರ್ "ಇಲ್ಲ ಸಾರ್, ಕಂಪನಿ ಪೇಂಟು" ಅಂದ. ಮೀಟರ್ ತೋರಿಸಿದ ಮೇಲೆ "ಒಂದು ಸ್ಕ್ರ್ಯಾಚ್ ಇತ್ತಂತೆ" ಅಂದ. ಸ್ಕ್ರ್ಯಾಚ್ ತೊಂದರೆ ಅಲ್ಲ, ಮೊದಲು ಇಲ್ಲ ಅಂದದ್ದು ತೊಂದರೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 3117 ಅಂದರೆ 2017ರ 31ನೇ ವಾರ ಮಾಡಿದ್ದು. ನಾಲ್ಕೂ ಟಯರ್ ಗಾಡಿಯ ಜೊತೆ ಹುಟ್ಟಿದವು. ಗೀಟು ಇತ್ತು, ಆದರೆ ರಬ್ಬರು ಕಲ್ಲಾಗಿತ್ತು. ಬಾಗಿಲ ಸುಳ್ಳಿಗೆ ಮತ್ತು ಟಯರಿಗೆ ಸೇರಿಸಿ 1.75 ಲಕ್ಷ ಇಳಿಸಿದೆ.

ಇನ್ನೊಂದು ಒಳ್ಳೆಯ ವಿಷಯ ಹೇಳಬೇಕು. ಬಿಎಂಡಬ್ಲ್ಯು ಕೀಯೊಳಗೆ ಓಡಿದ ಕಿಲೋಮೀಟರ್ ಮಾಹಿತಿ ದಾಖಲಾಗಿರುತ್ತದೆ. ಓದುವ ಯಂತ್ರ ಇರುವಲ್ಲಿ ಕೊಟ್ಟರೆ ಮೀಟರ್ ತಿರುಗಿಸಿದ್ದಾರಾ ಅಂತ ಒಂದು ಅಂದಾಜು ಸಿಗುತ್ತದೆ. ಎರಡೂ ಕೀ ಕೇಳಿ ಓದಿಸಿದೆ. ಸರಿ ಇತ್ತು.

ಆರ್‌ಸಿ ವರ್ಗಾವಣೆ ಕಥೆ ಬೇಗ ಮುಗಿಸುತ್ತೇನೆ, ನೆನಪು ಮಾಡಿಕೊಳ್ಳಲು ಇಷ್ಟವಿಲ್ಲ. ಡಾಕ್ಟರು ಸಾಲ ಎಂದೋ ತೀರಿಸಿದ್ದರು. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದು ಹೋಗದೆ ಗಾಡಿ ನನ್ನ ಹೆಸರಿಗೆ ಬರುವುದಿಲ್ಲ. ವರ್ಗಾವಣೆಯ ಫಾರ್ಮ್ 29, 30 ಎರಡೂ ರೆಡಿ, ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35ಕ್ಕೆ ಬ್ಯಾಂಕಿನ ಸೀಲು ಬೇಕು. ಆ ಒಂದು ಸೀಲಿಗೆ ಐದು ವಾರ. ಕೊಳ್ಳುವವನು ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು ಅಂತ ಕಾನೂನು ಇದೆ, ಬ್ಯಾಂಕಿಗೆ ಆ ಕಾನೂನು ಇಲ್ಲ. ನೀವು ಹಣ ಕೊಡುವ ಮೊದಲೇ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದೆಯಾ ನೋಡಿಕೊಳ್ಳಿ. ಇನ್ನೊಂದು, ಇನ್ಶೂರೆನ್ಸ್‌ನ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಗಾಡಿಗೆ ಸೇರಿದ್ದಲ್ಲ, ಓನರಿಗೆ ಸೇರಿದ್ದು. ಸ್ವಿಫ್ಟ್ ಮಾರುವಾಗ ನನ್ನ ಬೋನಸ್ ಉಳಿಸಿಕೊಂಡು ಇದಕ್ಕೆ ಹಾಕಿಸಿದೆ. ಹದಿನೈದು ಸಾವಿರ ಉಳಿಯಿತು.

ಇನ್ನು ಓಡಿಸುವ ಸುಖ. ಮಲ್ಪೆಯಿಂದ ಬೆಳಿಗ್ಗೆ ಐದಕ್ಕೆ ಹೊರಟರೆ ಪಡುಬಿದ್ರಿ, ಸುರತ್ಕಲ್, ಬಿ.ಸಿ. ರೋಡ್, ಉಪ್ಪಿನಂಗಡಿ. ನೆಲ್ಯಾಡಿಯಲ್ಲಿ ಒಂದು ಚಾ. ಅಲ್ಲಿಂದ ಗುಂಡ್ಯ ದಾಟಿ ಶಿರಾಡಿ. ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ಗೊತ್ತು, ಮುಂದೆ ಹೋಗಲು ಸಿಗುವುದು ನೂರು ಮೀಟರ್ ನೇರ ರಸ್ತೆ. ಸ್ವಿಫ್ಟ್‌ನಲ್ಲಿ ಗೇರ್ ಇಳಿಸಿ, ಎಂಜಿನ್ ಕಿರುಚಿಸಿ, ಅರ್ಧಕ್ಕೆ ಹೋಗಿ ವಾಪಸ್ ಬರುತ್ತಿದ್ದೆ. ಇದರಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಎಂಟು ಗೇರಿನ ಆಟೋಮ್ಯಾಟಿಕ್ ತಾನೇ ಎರಡು ಗೇರ್ ಇಳಿಸುತ್ತದೆ. 1750 ಆರ್‌ಪಿಎಂನಲ್ಲೇ ಪೂರ್ತಿ ಟಾರ್ಕ್ ಇದೆ. ಹಿಂದಿನಿಂದ ಯಾರೋ ಅಂಗೈಯಲ್ಲಿ ದೂಡಿದ ಹಾಗೆ ಲಾರಿ ದಾಟಿ ಆಗಿರುತ್ತದೆ. ಹಿಂದೆ ಕೂತ ಅಮ್ಮನ ಕೈಯಲ್ಲಿದ್ದ ಕಿತ್ತಳೆ ಸಿಪ್ಪೆ ಬೀಳುವುದಿಲ್ಲ. ಮೊದಲ ಸಲ ಬೆಂಗಳೂರು ತಲುಪಿ ಇಳಿದವರು ಸೊಂಟ ಹಿಡಿದುಕೊಳ್ಳಲಿಲ್ಲ. ನೇರ ನಡೆದು ಹೋಗಿ ಮಗುವನ್ನು ಎತ್ತಿಕೊಂಡರು. ನಾನು ಕಾರಿನ ಬಾಗಿಲು ತೆರೆದೇ ಬಿಟ್ಟು ನಿಂತು ನೋಡಿದೆ.

ಹೈವೇಯಲ್ಲಿ ಲೀಟರಿಗೆ 17 ಕೊಡುತ್ತದೆ. ಉಡುಪಿ ಪೇಟೆಯಲ್ಲಿ 10, 11. ಎಲ್ಲ ಸೇರಿ 14ರ ಮೇಲೆ.

ಹಿಂದೆ ಡಿಕ್ಕಿಯ ಅಂಚಿನಲ್ಲಿ ಒಂದು ಸ್ಪಾಯ್ಲರ್ ಇದೆ. ಗಾಡಿ 110 ಮುಟ್ಟಿದರೆ ತಾನಾಗಿ ರೆಕ್ಕೆ ಹಾಗೆ ಮೇಲೇಳುತ್ತದೆ, 70ಕ್ಕೆ ಇಳಿದರೆ ಒಳಗೆ ಹೋಗುತ್ತದೆ. ನಮ್ಮ ನಾಲ್ಕು ಲೇನ್ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಅಂದರೆ ಕಾನೂನು ಪಾಲಿಸುವವನಿಗೆ ಈ ಸ್ಪಾಯ್ಲರ್ ಏಳುವುದೇ ಇಲ್ಲ! ಡ್ರೈವರ್ ಬಾಗಿಲಲ್ಲಿ ಅದನ್ನು ಎಬ್ಬಿಸಲು ಒಂದು ಬಟನ್ ಇದೆ. ನಮ್ಮ ಓಣಿಯ ಮಕ್ಕಳಿಗೆ ಅದು ಗೊತ್ತಾಗಿದೆ. ಸಂಜೆ ಬಂದು "ಅಂಕಲ್, ಬಾಲ ಎತ್ತಿ" ಅಂತಾರೆ. ಅದರ ಪೂರ್ತಿ ಉಪಯೋಗ ಆಗುತ್ತಿರುವುದು ಅಷ್ಟಕ್ಕೇ.

ಡಿಕ್ಕಿ 520 ಲೀಟರ್. ದೊಡ್ಡದು. ಕುಚ್ಚಲಕ್ಕಿ ಚೀಲ, ಇಪ್ಪತ್ತು ತೆಂಗಿನಕಾಯಿ, ಎರಡು ಸೂಟ್‌ಕೇಸ್, ಮಗುವಿನ ತೊಟ್ಟಿಲು, ಎಲ್ಲ ಒಂದೇ ಸಲ ಹಿಡಿಸಿದ್ದೇನೆ. ಆದರೆ ಒಂದು ವಿಷಯ ಯಾವ ರಿವ್ಯೂನಲ್ಲೂ ಬರೆದಿಲ್ಲ. ಸೆಡಾನ್‌ನಲ್ಲಿ ಡಿಕ್ಕಿಗೂ ಒಳಗೂ ನಡುವೆ ಗೋಡೆ ಇರುತ್ತದೆ. ಇದರಲ್ಲಿ ಇರುವುದು ಒಂದು ತೆಳ್ಳಗಿನ ಹಲಗೆ ಮಾತ್ರ, ಪಕ್ಕದಲ್ಲೆಲ್ಲ ಸಂದಿ. ನವೆಂಬರ್‌ನಲ್ಲಿ ಮಗಳಿಗೆ ಅಂತ ಎರಡು ಕಿಲೋ ಒಣಮೀನು, ಒಂದು ಕಿಲೋ ಒಣಸಿಗಡಿ ಕಟ್ಟಿಕೊಂಡು ಹೊರಟೆವು. ಮೂರು ಪ್ಲಾಸ್ಟಿಕ್, ಮೇಲೆ ಪೇಪರು, ಮೇಲೆ ಚೀಲ. ಪುತ್ತೂರಿನ ಕಡೆ ತಿರುಗುವ ದಾರಿ ಬರುವಷ್ಟರಲ್ಲಿ ವಾಸನೆ ಸ್ಟಿಯರಿಂಗ್ ತನಕ ಬಂದಿತ್ತು. ಎಸಿ ಅದನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಊದುತ್ತಿತ್ತು. ನಾವು ದಕ್ಕೆಯವರು, ನಮಗೇನೂ ಅನಿಸುವುದಿಲ್ಲ. ಬೆಂಗಳೂರಿನಲ್ಲಿ ಅಳಿಯ ಬಾಗಿಲು ತೆರೆದವನು ಎರಡು ಹೆಜ್ಜೆ ಹಿಂದೆ ಹೋದ. ವಾಸನೆ ಹೋಗಲು ಒಂದು ತಿಂಗಳು, ಎರಡು ಚೀಲ ಇದ್ದಿಲು, ಒಂದು ಹೊಸ ಎಸಿ ಫಿಲ್ಟರ್ ಬೇಕಾಯಿತು. ಈಗ ಒಣಮೀನು ಬಸ್ ಪಾರ್ಸೆಲ್‌ನಲ್ಲಿ ಹೋಗುತ್ತದೆ.

ಬಾಗಿಲುಗಳಿಗೆ ಗಾಜಿನ ಸುತ್ತ ಚೌಕಟ್ಟಿಲ್ಲ. ಹಿಡಿ ಎಳೆದರೆ ಗಾಜು ಒಂದು ಕೂದಲೆಳೆ ಕೆಳಗಿಳಿದು ಬಾಗಿಲು ತೆರೆಯುತ್ತದೆ. ಬಹಳ ಚಂದ. ಜುಲೈ ಮಳೆಯಲ್ಲಿ ತೆರೆದರೆ ಮೇಲಿನ ಅಂಚಿನ ನೀರೆಲ್ಲ ಸೀಟಿಗೆ. ಒಂದು ಟವೆಲ್ ಗಾಡಿಯಲ್ಲೇ ಇಟ್ಟಿದ್ದೇನೆ. ಮಳೆಗಾಲದಲ್ಲಿ ವಾರ ನಿಂತರೆ ಸೀಟಿನ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಕೆಲಸ ಇಲ್ಲದಿದ್ದರೂ ಕಾಪು ತನಕ ಹೋಗಿ ಬರುತ್ತೇನೆ. ಹೆಂಡತಿ ಇದಕ್ಕೆ "ಬೂಷ್ಟು ಸವಾರಿ" ಅಂತ ಹೆಸರಿಟ್ಟಿದ್ದಾಳೆ.

ಉಪ್ಪುಗಾಳಿಯ ಭಯ ಬೇರೆ. ಬೋಟಿಗಾದರೆ ಝಿಂಕ್ ತುಂಡು ಕಟ್ಟುತ್ತೇವೆ. ಉಪ್ಪುನೀರು ಮೊದಲು ಝಿಂಕನ್ನು ತಿನ್ನುತ್ತದೆ, ಕಬ್ಬಿಣ ಉಳಿಯುತ್ತದೆ. ಕಾರಿಗೆ ಆ ಉಪಾಯ ನಡೆಯುವುದಿಲ್ಲ, ಅದು ನೀರಲ್ಲಿ ಮುಳುಗಿರುವುದಿಲ್ಲವಲ್ಲ. ಹದಿನೈದು ದಿನಕ್ಕೊಮ್ಮೆ ಬಾವಿನೀರಿನಲ್ಲಿ ಅಡಿಭಾಗ ತೊಳೆಸುತ್ತೇನೆ, ಅಷ್ಟೇ.

ಇಲಿ. ಇದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಮೀನು ಇರುವಲ್ಲಿ ಇಲಿ, ಇಲಿ ಇರುವಲ್ಲಿ ವಯರು. 2025ರ ಜೂನ್‌ನಲ್ಲಿ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪರದೆಯ ಮೇಲೆ ಮೂರು ಎಚ್ಚರಿಕೆ ಒಟ್ಟಿಗೆ ಬಂದವು. ಬಾನೆಟ್ ತೆರೆದರೆ ಎಂಜಿನ್ ಮುಚ್ಚಳದ ಮೇಲೆ ಒಂದು ಬಂಗುಡೆ ತಲೆ! ಊಟ ಮಾಡಿ ಕೈ ತೊಳೆಯುವ ಹಾಗೆ ವಯರನ್ನೂ ಕಡಿದು ಹೋಗಿತ್ತು. ವಯರಿಂಗ್ ಸರಿಮಾಡಲು 36 ಸಾವಿರ. ಈಗ ರಾತ್ರಿ ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟುತ್ತೇನೆ. ಬೆಳಿಗ್ಗೆ ಎಸಿ ಹಾಕಿದರೆ ಮೊದಲು ಐದು ನಿಮಿಷ ಬೀಡಿ ಕಟ್ಟುವ ಮನೆಯ ವಾಸನೆ. ಇಲಿ ಬಂದಿಲ್ಲ.

ಬ್ಯಾಟರಿಯಲ್ಲಿ ನನಗೇ ನಾಚಿಕೆ ಆಗಬೇಕು. ಅದು ಇರುವುದು ಬಾನೆಟ್ ಒಳಗಲ್ಲ, ಡಿಕ್ಕಿಯಲ್ಲಿ. ಹಳೆಯದು ಸೋತಾಗ ಒಂದು ಅಂಗಡಿಯಲ್ಲಿ ಹೊಸದು ಹಾಕಿಸಿದೆ. ಹತ್ತು ನಿಮಿಷದ ಕೆಲಸ, ಅವರೂ ಹಾಗೇ ಮಾಡಿದರು. ಎರಡು ವಾರದಲ್ಲಿ ಮತ್ತೆ ಬ್ಯಾಟರಿ ಕಡಿಮೆ ಅಂತ ಎಚ್ಚರಿಕೆ. ಈ ಗಾಡಿಗಳಲ್ಲಿ ಬ್ಯಾಟರಿ ಬದಲಿಸಿದರೆ ಅದನ್ನು ಗಾಡಿಯ ಕಂಪ್ಯೂಟರಿಗೆ ಹೇಳಬೇಕು. ಹೇಳದಿದ್ದರೆ ಒಳಗಿರುವುದು ಅದೇ ಮುದಿ ಬ್ಯಾಟರಿ ಅಂದುಕೊಂಡು ಚಾರ್ಜ್ ಮಾಡುತ್ತದೆ. ಸ್ಕ್ಯಾನರ್ ಹಾಕಿ ರಿಜಿಸ್ಟರ್ ಮಾಡಿಸಿದ ಮೇಲೆ ಸರಿಯಾಯಿತು. ಎಂಜಿನ್ ಸ್ಪೇರ್ ಮಾರುವವನಿಗೆ ಇದು ಗೊತ್ತಿರಲಿಲ್ಲ ಅಂತ ಅಂಗಡಿ ಹುಡುಗರು ಇವತ್ತಿಗೂ ನಗುತ್ತಾರೆ.

ಟಯರ್ ರನ್‌ಫ್ಲಾಟ್. ಗಾಳಿ ಪೂರ್ತಿ ಹೋದರೂ 80 ಕಿಲೋಮೀಟರ್ ವೇಗ ಮೀರದೆ 80 ಕಿಲೋಮೀಟರ್ ದೂರ ಹೋಗಬಹುದು. ನನ್ನ ಗಾಡಿಯಲ್ಲಿ ಸ್ಟೆಪ್ನಿ ಇಲ್ಲ. ಫೆಬ್ರವರಿಯ ಒಂದು ರಾತ್ರಿ ಗುಂಡ್ಯ ದಾಟಿದ ಮೇಲೆ ದೀಪ ಹತ್ತಿತು. ಹೊರಗೆ ಕತ್ತಲೆ, ಫೋನಿನಲ್ಲಿ ಸಿಗ್ನಲ್ ಇಲ್ಲ, ಹಿಂದೆ ಅಮ್ಮ ನಿದ್ದೆಯಲ್ಲಿ. ಇಳಿದು ಟಾರ್ಚ್ ಹಾಕಿದೆ. ಹಿಂದಿನ ಬಲ ಟಯರಿನಲ್ಲಿ ಬೆರಳು ದಪ್ಪದ ಬೋಲ್ಟು ಕೂತಿತ್ತು. ಗಾಳಿ ಇಲ್ಲದಿದ್ದರೂ ಟಯರು ಸ್ವಲ್ಪ ಮಾತ್ರ ಬಗ್ಗಿ ನಿಂತಿತ್ತು. 45ರ ವೇಗದಲ್ಲಿ ಸಕಲೇಶಪುರ ತನಕ ಹೋದೆ. ಅಮ್ಮನಿಗೆ ಎಚ್ಚರವೇ ಆಗಲಿಲ್ಲ. ಮಾರನೇ ದಿನ ಪಂಕ್ಚರ್ ಅಂಗಡಿಯವನು ಒಳಗೆ ಕೈ ಹಾಕಿ ಕಪ್ಪು ಪುಡಿ ತೋರಿಸಿ, "ಇದು ಮುಗೀತು ಅಣ್ಣ" ಅಂದ. ಒಂದು ಟಯರಿಗೆ 23 ಸಾವಿರ. ಕೊಟ್ಟದ್ದಕ್ಕೆ ಬೇಸರ ಆಗಲಿಲ್ಲ. ಆದರೆ ಇದೇ ಟಯರಿನ ಗಟ್ಟಿ ಬದಿಯಿಂದಾಗಿ ನಮ್ಮ ಒಳರಸ್ತೆಯ ಹೊಂಡಗಳಲ್ಲಿ ಬೆನ್ನಿಗೆ ಪೆಟ್ಟು ಬೀಳುತ್ತದೆ. ಹೈವೇಯಲ್ಲಿ ರೇಷ್ಮೆ, ಓಣಿಯಲ್ಲಿ ಎತ್ತಿನಗಾಡಿ. ಹಂಪ್ಸ್ ಎತ್ತರ ಇದ್ದರೆ ಓರೆಯಾಗಿ ಹತ್ತಿಸಬೇಕು, ಇಲ್ಲದಿದ್ದರೆ ಹೊಟ್ಟೆ ಉಜ್ಜುತ್ತದೆ.

ಈಗ ಆ ಮೂರನೇ ಪ್ರಶ್ನೆ. ಹದಿನಾರು ತಿಂಗಳಲ್ಲಿ ಟಯರಿಗೆ 92 ಸಾವಿರ, ಮೇಲೆ ಆ ಒಂದು ಟಯರಿನ 23. ಮೊದಲ ಸರ್ವಿಸ್ 31, ಎರಡನೆಯದ್ದು 18. ಬ್ಯಾಟರಿ ರಿಜಿಸ್ಟರ್ ಸೇರಿ 29. ಮುಂದಿನ ಸಸ್ಪೆನ್ಶನ್ ಆರ್ಮ್‌ಗಳ ರಬ್ಬರ್ ಬುಷ್ ವಯಸ್ಸಾಗಿ ಹೋಗಿತ್ತು, 44. ಇಲಿಗೆ 36. ಎರಡು ವರ್ಷದ ಇನ್ಶೂರೆನ್ಸ್ 1.18 ಲಕ್ಷ. ಒಟ್ಟು 3.91 ಲಕ್ಷ. ಡೀಸೆಲ್ ಲಕ್ಷಕ್ಕೆ ಸ್ವಲ್ಪ ಮೇಲೆ. 16,500 ಕಿಲೋಮೀಟರಿಗೆ ಭಾಗಿಸಿದರೆ ಕಿಲೋಮೀಟರಿಗೆ 30 ರೂಪಾಯಿ. ಗಾಡಿಯ ಬೆಲೆ ಇಳಿಯುವುದನ್ನು ಇದರಲ್ಲಿ ಸೇರಿಸಿಲ್ಲ, ಸೇರಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ನಾನು ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಹೇಳುವ ಮಾತೊಂದಿದೆ: ಎಂಜಿನ್ ಹಳತಾದರೆ ಎಂಜಿನ್ ಬೆಲೆ ಇಳಿಯುತ್ತದೆ, ಸ್ಪೇರ್ ಬೆಲೆ ಇಳಿಯುವುದಿಲ್ಲ. ಹೇಳುವವನು ನಾನೇ, ಮರೆತವನೂ ನಾನೇ. ಈ ಗಾಡಿ 20 ಲಕ್ಷದ್ದು ಅಂತ ನಾನು ತಿಳಿದುಕೊಂಡಿದ್ದೆ. ಅದರ ಬುಷ್, ಅದರ ಬ್ಯಾಟರಿ, ಅದರ ಟಯರು ಯಾವುದಕ್ಕೂ ಅದು ಗೊತ್ತಿಲ್ಲ. ಅವೆಲ್ಲ ಈಗಲೂ 45 ಲಕ್ಷದ ಗಾಡಿಯಲ್ಲೇ ಇವೆ. ಕೊಳ್ಳುವ ಬೆಲೆಯ ಜೊತೆ ಇನ್ನೊಂದು ಮೂರ್ನಾಲ್ಕು ಲಕ್ಷ ಬೇರೆ ತೆಗೆದಿಡಲು ಆಗದವರು ಇದರ ಹತ್ತಿರ ಬರಬೇಡಿ. ಈ ದುಡ್ಡಿಗೆ ಇನ್ನೋವಾ ಬರುತ್ತಿತ್ತಲ್ಲ ಅಂತ ಹೆಂಡತಿ ತಿಂಗಳಿಗೊಮ್ಮೆ ಹೇಳುತ್ತಾಳೆ. ಅವಳು ಹೇಳುವುದು ಸರಿ. ಊರಲ್ಲೇ ಓಡಾಡುವವರಿಗೆ, ಏಳು ಜನ ಕೂರಬೇಕಾದವರಿಗೆ, ಮರುಮಾರಾಟದ ಬೆಲೆ ನೋಡುವವರಿಗೆ ಇನ್ನೋವಾನೇ ಸರಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಹೈವೇ ಓಡುವವರು, ಸ್ವಂತ ಮೆಕ್ಯಾನಿಕ್ ಗೊತ್ತಿರುವವರು, ಪಾರ್ಟ್ ಬರುವ ತನಕ ಸ್ಕೂಟರಿನಲ್ಲಿ ಓಡಾಡಲು ನಾಚಿಕೆ ಇಲ್ಲದವರು ಬಿ47 ಎಂಜಿನ್‌ನ ಜಿಟಿ ಹುಡುಕಬಹುದು. ಹತ್ತರಲ್ಲಿ ಏಳು ಅಂಕ ಕೊಡುತ್ತೇನೆ. ಅಮ್ಮನನ್ನು ಕೇಳಿದರೆ ಹತ್ತು.

ಸದ್ಯಕ್ಕೆ ಗೇರ್‌ಬಾಕ್ಸ್ ಆಯಿಲ್ ಬದಲಿಸುತ್ತಿದ್ದೇನೆ. ಕಾರು ಕಂಪನಿಯ ಪ್ರಕಾರ ಅದು ಜೀವಮಾನದ ಆಯಿಲ್. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಕಂಪನಿ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತದೆ. ನಾನು ಮಾಡಿದವರ ಮಾತು ಕೇಳುವವನು. ಆಯಿಲ್ ನಿಲ್ಲುವ ಕೆಳಗಿನ ತಟ್ಟೆ, ಅಂದರೆ ಸಂಪ್, ಪ್ಲಾಸ್ಟಿಕ್‌ನದ್ದು, ಫಿಲ್ಟರ್ ಅದರಲ್ಲೇ ಸೇರಿಕೊಂಡಿದೆ, ಹಾಗಾಗಿ ಸಂಪನ್ನೇ ಹೊಸದು ಹಾಕಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿದ್ದೇವೆ ಅಂತ ಈಗ ತಾನೇ ಫೋನ್ ಬಂತು. ಬೆಳಿಗ್ಗೆ ಆರಕ್ಕೆ ಕರಾವಳಿ ಜಂಕ್ಷನ್‌ಗೆ ಹೋಗಿ ತೆಗೆದುಕೊಳ್ಳಬೇಕು. ಹೆಂಡತಿಯ ಸ್ಕೂಟರ್ ಕೀ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ.